ಲಂಗರಿನ ಹಗ್ಗ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಟಿಕ್.

ನಳಿನಿಗೆ ನಿದ್ದೆ ಬಂದಿರಲಿಲ್ಲ. ಸದ್ದು ದೋಣಿಯ ಮೂತಿಯ ಕಡೆಯಿಂದ ಬರುತ್ತಿತ್ತು, ಕಬ್ಬಿಣ ಮರಕ್ಕೆ ತಾಗಿದ ಹಾಗೆ. ಪಕ್ಕದಲ್ಲಿ ಗಂಡ ಪಟ್ಟಾಭಿರಾಮ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದ. ಹಿಂದೆ ಚುಕ್ಕಾಣಿಯ ಹತ್ತಿರ, ಮಡಿಸಿದ ಹಾಯಿಯ ಮೇಲೆ, ದೋಣಿಯ ಯಜಮಾನ ಡಾಹ್ಯಾಭಾಯಿ ತಾಂಡೇಲ್ ಗೊರಕೆ ಹೊಡೆಯುತ್ತಿದ್ದ. ಈ ಮೂವರ ಹೊರತು ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡನ ಕೈಗಡಿಯಾರ ಬೆಳದಿಂಗಳಿನಲ್ಲಿ ಹನ್ನೊಂದು ತೋರಿಸುತ್ತಿತ್ತು.

ಪಟ್ಟಾಭಿರಾಮ ಸೂರತ್ತಿನಲ್ಲಿ ಕೇಂದ್ರ ಸರ್ಕಾರದ ಸರ್ವೆ ಕಚೇರಿಯೊಂದರಲ್ಲಿದ್ದ. ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಡಾಹ್ಯಾಭಾಯಿಯ ಹಾಯಿದೋಣಿಯಲ್ಲಿ ಈ ಖಾಡಿಗೆ ಬರುವುದು ಅವನ ಕೆಲಸ. ಸಮುದ್ರ ನೆಲದೊಳಗೆ ಹೊಕ್ಕು ನಿಂತ ಸಣ್ಣ ಕೊಲ್ಲಿ ಅದು; ಮೂರು ಕಡೆ ದಡವಿದ್ದುದರಿಂದ ಗಾಳಿಯ ಕಾಟವಿರಲಿಲ್ಲ. ರಾತ್ರಿ ಅಲ್ಲಿ ಲಂಗರು ಹಾಕಿ, ಬೆಳಿಗ್ಗೆ ನೀರು ಪೂರ್ತಿ ಇಳಿದಾಗ ದಡದ ಬಳಿ ನೆಟ್ಟ ಅಳತೆಗೋಲಿನಲ್ಲಿ ಮಟ್ಟ ನೋಡಿ ಬರೆದುಕೊಳ್ಳಬೇಕು. ಅವನು ಹೊರಟ ರಾತ್ರಿಗಳಲ್ಲಿ ನಳಿನಿ ಸೂರತ್ತಿನ ಬಾಡಿಗೆ ಮನೆಯಲ್ಲಿ ದೀಪ ಆರಿಸದೆ ಕೂತಿರುತ್ತಿದ್ದಳು. ೧೯೬೩ರ ಆ ಡಿಸೆಂಬರಿನಲ್ಲಿ ಅವಳು ಹಠ ಹಿಡಿದಳು. “ನೀವೆಲ್ಲಿ ಮಲಗ್ತೀರೋ ಒಂದು ಸಲ ಕಣ್ಣಾರೆ ನೋಡಿಬಿಟ್ರೆ ಆಮೇಲೆ ನಾನು ನೆಮ್ಮದಿಯಾಗಿ ಇರ್ತೀನಿ.” ಕಚೇರಿ ಗೊತ್ತು ಮಾಡಿದ ದೋಣಿಯಲ್ಲಿ ಮನೆಯವರನ್ನು ಕೂರಿಸಕೂಡದೆಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ನಿಯಮ ಮುರಿಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ; ಈ ಸಲ ಮಾತ್ರ ಮುರಿದರು.

ಟಿಕ್.

ಡಾಹ್ಯಾಭಾಯಿಯನ್ನು ಎಬ್ಬಿಸಿ ಕೇಳಬಹುದಿತ್ತು. ಆದರೆ ಹಗಲೆಲ್ಲ ಅವಳು ತನ್ನ ಕಾಲೇಜಿನ ಹಿಂದಿಯಲ್ಲಿ ಕೇಳಿದ್ದೇ ಕೇಳಿದ್ದು: ಹಾಯಿ ಹರಿದರೆ? ನೀರು ಒಳಗೆ ಬಂದರೆ? ಮಂಜು ಕವಿದರೆ? ಮುದುಕ ಅವಳನ್ನು ಬೇನ್ ಎಂದು, ಅಂದರೆ ಅಕ್ಕ ಎಂದು, ಕರೆದು ಪ್ರತಿಯೊಂದಕ್ಕೂ ನಗುತ್ತ ಉತ್ತರ ಕೊಟ್ಟಿದ್ದ. ಸಂಜೆ ಅವನು ಲಂಗರು ಇಳಿಸಿ ಮಾರುಗಟ್ಟಲೆ ಹಗ್ಗ ಬಿಡುವಾಗ ಅವಳು ಮತ್ತೆ ಬಾಯಿ ತೆರೆದಿದ್ದಳು.

“ಸಾಕು ಕಣೇ,” ಎಂದಿದ್ದ ಪಟ್ಟಾಭಿರಾಮ. “ಇನ್ನೊಂದು ಪ್ರಶ್ನೆ ಕೇಳಿದ್ರೆ ಲಂಗರಿನ ಹಿಂದೆ ಅವರೂ ನೀರಿಗೆ ಹಾರ್ತಾರೆ.”

ಹಗ್ಗದ ಪ್ರಶ್ನೆ ಹಾಗೇ ಬಾಯಲ್ಲಿ ಉಳಿದಿತ್ತು.

ಅವಳು ಎದ್ದು ಸೆರಗು ಸಿಕ್ಕಿಸಿ ಮೂತಿಯ ಕಡೆಗೆ ತೆವಳುತ್ತ ಹೋದಳು. ನೀರು ಎಷ್ಟು ಇಳಿದಿತ್ತೆಂದರೆ ಸಂಜೆ ಮುಳುಗಿದ್ದ ಕಲ್ಲುಗಳ ಸಾಲು ಈಗ ದಡದುದ್ದಕ್ಕೂ ಮೇಲೆದ್ದಿತ್ತು. ಗಾಳಿ ಇಲ್ಲ, ಸೆಳೆತ ಇಲ್ಲ. ಲಂಗರಿನ ಹಗ್ಗ ಸಡಿಲವಾಗಿ ಜೋಲುಬಿದ್ದು, ಅದು ಹಾದುಹೋಗುವ ಕಬ್ಬಿಣದ ಬಳೆ ದೋಣಿ ಅಲುಗಿದಾಗೆಲ್ಲ ಮರಕ್ಕೆ ತಾಗುತ್ತಿತ್ತು. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು. ಇಷ್ಟು ಸಡಿಲವಿದ್ದರೆ ದೋಣಿಯನ್ನು ಹಿಡಿದಿಟ್ಟಿರುವುದು ಏನು?

ಪಾವಗಡದಲ್ಲಿ ಅವಳ ತವರಿನ ಬಾವಿ ಬಲು ಆಳ. ಹಗ್ಗ ಸಡಿಲ ಬಿಟ್ಟು ಕೊಡ ಕಳೆದಾಗ ಅಮ್ಮನಿಂದ ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಅವಳು ಕಾಲೂರಿ ಕೂತು, ಮಾರು ಮಾರಾಗಿ ಹಗ್ಗವನ್ನು ಒಳಗೆ ಎಳೆದುಕೊಂಡಳು. ಅದು ನೆಟ್ಟಗೆ ಬಿಗಿದು ನಿಂತ ಮೇಲೆ, ಬಾವಿಕಟ್ಟೆಯ ಕಂಬಕ್ಕೆ ಕಟ್ಟುತ್ತಿದ್ದ ಹಾಗೆಯೇ ಎರಡು ಸುತ್ತು ಸುತ್ತಿ ಮೂತಿಯ ಗೂಟಕ್ಕೆ ಗಂಟು ಹಾಕಿದಳು. ಟಿಕ್ ಸದ್ದು ನಿಂತಿತು. ಮದುವೆಯಾಗಿ ಸೂರತ್ತಿಗೆ ಬಂದ ಎರಡು ವರ್ಷಗಳಲ್ಲಿ ಯಾರಿಗೂ ತೊಂದರೆ ಕೊಡದೆ ಒಂದು ಕೆಲಸ ಮಾಡಿದೆನೆಂದುಕೊಂಡು ಹೋಗಿ ಮಲಗಿದಳು. ತಕ್ಷಣ ನಿದ್ದೆ ಬಂತು.

ಎಚ್ಚರವಾದದ್ದು ಡಾಹ್ಯಾಭಾಯಿಯ ಕೂಗಿಗೆ. “ಸಾಹೇಬ್! ಉಠೋ! ಗಳ ಹಿಡೀರಿ!”

ನೀರು ಏರಿತ್ತು. ಮೂರಾಳು ಎತ್ತರಕ್ಕೆ ಏರುವ ಹುಣ್ಣಿಮೆಯ ನೀರು ದೋಣಿಯನ್ನು ಎತ್ತಿತ್ತು. ಗಿಡ್ಡವಾದ ಹಗ್ಗ ಲಂಗರನ್ನು ಕೆಸರಿನಿಂದ ಕಿತ್ತು ಜೊತೆಗೇ ಎಳೆದುಕೊಂಡು ಬಂದಿತ್ತು. ದೋಣಿ ಸದ್ದಿಲ್ಲದೆ ಕಲ್ಲಿನ ಸಾಲಿನ ಕಡೆಗೆ ಸರಿಯುತ್ತಿತ್ತು. ಕಲ್ಲುಗಳು ಈಗ ಕಾಣುತ್ತಿರಲಿಲ್ಲ. ಅವುಗಳ ಮೇಲೆ ನೀರು ಮುರಿಯುವ ಬಿಳಿ ಗೆರೆ ಮಾತ್ರ ಕಾಣುತ್ತಿತ್ತು. ಪಟ್ಟಾಭಿರಾಮ ಗಳ ಊರಿ ಮೈಯೆಲ್ಲ ಬಲ ಹಾಕಿ ನೂಕಿದ. ಡಾಹ್ಯಾಭಾಯಿ ಗೂಟದ ಮುಂದೆ ಮಂಡಿಯೂರಿ ಗಂಟಿನೊಡನೆ ಗುದ್ದಾಡಿದ, ಕೊನೆಗೆ ಹಲ್ಲಿನಿಂದ ಕಚ್ಚಿ ಬಿಡಿಸಿದ. ಹಗ್ಗ ಸರಸರನೆ ನೀರಿಗೆ ಓಡಿತು. ದೋಣಿ ಇನ್ನೂ ಸ್ವಲ್ಪ ದೂರ ಹೋಗಿ, ಲಂಗರು ಮತ್ತೆ ಕೆಸರು ಕಚ್ಚಿ ಜಗ್ಗಿದಂತಾಗಿ ನಿಂತಿತು. ಬಿಳಿ ಗೆರೆ ಒಂದು ಗಳದಷ್ಟು ದೂರದಲ್ಲಿತ್ತು.

ನಳಿನಿಗೆ ಎಲ್ಲ ಅರ್ಥವಾಯಿತು.

“ಏನಿದು ಡಾಹ್ಯಾಭಾಯಿ?” ಪಟ್ಟಾಭಿರಾಮ ಏದುಸಿರಿನಲ್ಲಿ ಹಿಂದಿಯಲ್ಲಿ ಕೇಳಿದ. “ಹಗ್ಗ ಇಷ್ಟೇನಾ ಬಿಟ್ಟಿದ್ದು? ಅರವತ್ತು ದಾಟಿದವರ ದೋಣಿ ಬೇಡ ಅಂತ ಬರೋಡಾದ ದೊಡ್ಡ ಕಚೇರಿಯಿಂದ ಕಾಗದ ಬಂದಾಗ, ಇವರನ್ನು ತೆಗೀಬೇಡಿ ಅಂತ ಬರೆದವನು ನಾನು. ಈಗ ಏನಂತ ಬರೀಲಿ?”

ಮುದುಕ ಒದ್ದೆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಅವನ ನೋಟ ಒಂದು ಗಳಿಗೆ ನಳಿನಿಯ ಮೇಲೆ ನಿಂತು ಪಕ್ಕಕ್ಕೆ ಸರಿಯಿತು.

“ವಯಸ್ಸಾಯ್ತು ಸಾಹೇಬ್. ಲೆಕ್ಕ ತಪ್ಪಿತು. ಆದದ್ದನ್ನ ಬರೀರಿ.”

ಆಮೇಲೆ ಅವನು ಮಲಗಲಿಲ್ಲ. ಹಗ್ಗದ ಮೇಲೆ ಅಂಗೈ ಇಟ್ಟುಕೊಂಡು ಮೂತಿಯಲ್ಲೇ ಕೂತ. ನಳಿನಿ ಅವನ ಬೆನ್ನು ನೋಡುತ್ತ ಬೆಳಗು ಮಾಡಿದಳು. ಹೇಳಿದರೆ ತನ್ನ ಹೆಸರು ಕಾಗದಕ್ಕೆ ಬರುತ್ತದೆ. ದೋಣಿಯಲ್ಲಿ ಹೆಂಡತಿ ಏಕಿದ್ದಳೆಂದು ಗಂಡನನ್ನು ಕೇಳುತ್ತಾರೆ. ಹೇಳದಿದ್ದರೆ ನಲವತ್ತು ವರ್ಷ ಈ ನೀರಿನಲ್ಲಿ ಬದುಕಿದವನಿಗೆ ಲಂಗರು ಹಾಕಲು ಬಾರದೆಂದು ಬರೆಯಲಾಗುತ್ತದೆ.

ಬೆಳಿಗ್ಗೆ ನೀರು ಇಳಿಯತೊಡಗಿದಾಗ ಪಟ್ಟಾಭಿರಾಮ ದಿನಚರಿ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದ.

“ರೀ, ಬರೀಬೇಡಿ. ಹಗ್ಗ ಎಳೆದು ಕಟ್ಟಿದ್ದು ನಾನು.”

ಅವನು ತಲೆಯೆತ್ತಿ ಮರುಕದಿಂದ ನಕ್ಕ. “ಅವರ ಮೇಲೆ ಕನಿಕರ ಬಂತಾ? ಹೋದ ತಿಂಗಳು ಹಾಲಿನವಳ ಪರವಾಗಿಯೂ ಹೀಗೇ ಸುಳ್ಳು ಹೇಳಿದ್ದೆ.”

“ಇದು ಸುಳ್ಳಲ್ಲ. ಸಡಿಲ ಇತ್ತು, ಹೆದರಿಕೆ ಆಯ್ತು. ಬಾವಿ ಹಗ್ಗದ ಹಾಗೆ ಬಿಗಿ ಮಾಡಿದೆ. ಅಷ್ಟು ನೀರು ಏರುತ್ತೆ ಅಂತ ನನಗೇನು ಗೊತ್ತು? ನೀವೇ ತಾನೆ ಇನ್ನೊಂದು ಪ್ರಶ್ನೆ ಕೇಳಬೇಡ ಅಂದಿದ್ದು?”

ಪಟ್ಟಾಭಿರಾಮನ ನಗು ಆರಿತು. ಅವನು ಮೂತಿಯ ಕಡೆಗೆ ತಿರುಗಿದ. “ಡಾಹ್ಯಾಭಾಯಿ, ಹಗ್ಗ ಕಟ್ಟಿದ್ದು ಇವಳು ಅಂತ ನಿಮಗೆ ಗೊತ್ತಿತ್ತಾ?”

ಮುದುಕ ಬೀಡಿ ಹಚ್ಚಿಕೊಂಡ.

“ಗಂಟು ನೋಡಿದೆ ಸಾಹೇಬ್. ನಮ್ಮ ಕಡೆ ಯಾರೂ ಹಂಗೆ ಕಟ್ಟಲ್ಲ. ಇದ್ದ ನಾಲ್ಕು ಹಲ್ಲಲ್ಲಿ ಒಂದು ಅಲ್ಲಾಡ್ತಿದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬೇನ್ ಇನ್ನು ಮನೇಲಿ ಕೂತು ಹೆದರೋರು. ಇನ್ನೊಂದು ಸಲ ದೋಣಿ ಹತ್ತೋರಾ?” ನಳಿನಿಯ ಕಡೆ ನೋಡಿ ಹೊಗೆ ಬಿಟ್ಟ. “ನಾನೂ ತಪ್ಪು ಮಾಡ್ದೆ, ಬೇನ್. ಅಷ್ಟೆಲ್ಲ ಹೇಳಿದವನು ಹಗ್ಗ ಯಾಕೆ ಉದ್ದ ಅಂತ ಹೇಳಲಿಲ್ಲ. ಇಳಿದ ನೀರಿಗೆ ಕಟ್ಟಿದ್ರೆ ಏರಿದ ನೀರಿಗೆ ಸಾಲಲ್ಲ. ಅಷ್ಟೇ.”

ಪಟ್ಟಾಭಿರಾಮ ಮತ್ತೆ ಪುಸ್ತಕದ ಕಡೆ ನೋಡಿದ. ನಿಜ ಬರೆದರೆ ಹೆಂಡತಿ, ಸುಳ್ಳು ಬರೆದರೆ ಡಾಹ್ಯಾಭಾಯಿ. ಕಚೇರಿಯಲ್ಲಿ ಅವನ ಪುಸ್ತಕವನ್ನು ಹೊಸಬರಿಗೆ ಮಾದರಿಯೆಂದು ತೋರಿಸುತ್ತಿದ್ದರು. ಪಕ್ಕದಲ್ಲಿ ಹಕ್ಕಿ ಹಾರಿದರೂ ಷರಾ ಅಂಕಣದಲ್ಲಿ ಬರೆಯುವವನೆಂದು ಗೆಳೆಯರು ನಗುತ್ತಿದ್ದರು. ನೀರು ತಳ ಮುಟ್ಟಿದಾಗ ಅಳತೆಗೋಲಿನಲ್ಲಿ ಮಟ್ಟ ನೋಡಿದ, ಗಂಟೆ ಬರೆದ, ಮಟ್ಟ ಬರೆದ. ಷರಾ ಅಂಕಣದ ಮೇಲೆ ಪೆನ್ನು ನಿಂತಿತು. ಅಲ್ಲಿ ಏನೂ ಬರೆಯದೆ ಪುಸ್ತಕ ಮುಚ್ಚಿದ. ಅವನ ಮುಖದಲ್ಲಿ ನೆಮ್ಮದಿಯೇನೂ ಇರಲಿಲ್ಲ.

“ನಿನ್ನ ಅಕ್ಕನಿಗೆ ಬರೀತೀಯಾ ಇದನ್ನೂ?” ಎಂದು ಮೆಲ್ಲಗೆ ಕೇಳಿದ.

ಪಾವಗಡದ ಶಾರದಕ್ಕನಿಗೆ ನಳಿನಿ ಪ್ರತಿ ಸೋಮವಾರ ಕಾಗದ ಬರೆಯುತ್ತಿದ್ದಳು. ತನ್ನ ಹೆದರಿಕೆಗಳನ್ನೆಲ್ಲ ಒಂದೂ ಬಿಡದೆ ಅದರಲ್ಲಿ ತುಂಬಿ ಅಂಚೆಗೆ ಹಾಕಿದ ಮೇಲೆಯೇ ಅವಳ ಎದೆ ಹಗುರವಾಗುತ್ತಿದ್ದುದು. ಈ ಭಾರವನ್ನು ಹಾಗೆ ಇಳಿಸುವಂತಿರಲಿಲ್ಲ. ಇದರಲ್ಲಿ ಇನ್ನಿಬ್ಬರ ಪಾಲಿತ್ತು. ಡಾಹ್ಯಾಭಾಯಿ ಲಂಗರು ಮೇಲೆಳೆಯತೊಡಗಿದ್ದ. ಅವಳು ಎದ್ದು ಹೋಗಿ ಅವನ ಹಿಂದೆ ಹಗ್ಗಕ್ಕೆ ಕೈ ಹಾಕಿದಳು.

“ಇಲ್ಲ,” ಎಂದಳು ಗಂಡನಿಗೆ. “ಅಕ್ಕನಿಗೂ ಇಲ್ಲ. ಯಾರಿಗೂ ಇಲ್ಲ.”