ತಟ್ಟದ ಕೈ

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬಸ್ ಕಂಡಕ್ಟರಮ್ಮನನ್ನು ಡಿಪೋದಲ್ಲಿ ಎಲ್ಲರೂ ಗೇಲಿ ಮಾಡುತ್ತಿದ್ದರು. ಅಂಥವಳನ್ನು ಈಗ ಆಸ್ಪತ್ರೆಯ ಒರಗುಕುರ್ಚಿಯೊಂದು ಹಿಡಿದು ಹಾಕಿತ್ತು. ದಿನ ತುಂಬುವ ಮುಂಚೆಯೇ ಹುಟ್ಟಿದ ಮಗಳು, ಅಂಗೈಯಗಲದ ಜೀವ, ಅವಳ ಬರಿಯೆದೆಯ ಮೇಲೆ ಕವುಚಿ ಮಲಗಿತ್ತು. ಮೂಗಿನ ನಳಿಕೆ ಒಂದು ಕಡೆ, ಪಾದದ ತಂತಿ ಇನ್ನೊಂದು ಕಡೆ.

“ಔಷಧಿ ನಾವು ಕೊಡ್ತೀವಿ,” ಎಂದಿದ್ದಳು ನರ್ಸ್. “ಆದ್ರೆ ಮೆದುಳು ಚೆನ್ನಾಗಿ ಬೆಳೆಯೋಕೆ ನಿಮ್ಮ ಮೈಬಿಸಿ ಬೇಕು, ನಿಮ್ಮ ದನಿ ಬೇಕು. ಕೈ ಮಾತ್ರ ಸುಮ್ನೆ ಇಟ್ಕೊಳ್ಳಿ. ತಟ್ಟಬೇಡಿ, ಸವರಬೇಡಿ. ಈ ಕೂಸು ಅಷ್ಟನ್ನೂ ತಡ್ಕೊಳಲ್ಲ.”

ಸುಮ್ಮನಿರುವ ಕೈಯಂತೆ! ಟಿಕೆಟ್ ಹರಿದು, ಚಿಲ್ಲರೆ ಕೊಟ್ಟು, ಬಸ್ಸಿನ ಮೈ ಬಡಿದು ಬದುಕಿದ ಕೈ ಅದು. ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು. ಎದ್ದು ಓಡಿಹೋಗಬೇಕೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಗಾಜಿನಾಚೆ ನಿಂತ ಅತ್ತೆ ಗಾಳಿಯಲ್ಲೇ ಮಗು ತಟ್ಟಿ ತೋರಿಸುತ್ತಿದ್ದರು: ಹೀಗೆ, ಹೀಗೆ ತಟ್ಟೇ. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಮಗು ಮುಲುಗಿತು. ಅವಳ ಕೈ ಅವಳ ಮಾತು ಕೇಳಲಿಲ್ಲ. ಬಸ್ಸು ಹೊರಡಲಿ ಎಂದು ತಗಡಿಗೆ ಬಡಿಯುವ ಹಾಗೆಯೇ, ಮೆಲ್ಲಗೆ, ಪುಟ್ಟ ಬೆನ್ನಿಗೆ ಎರಡು ಸಲ ತಟ್ಟಿಬಿಟ್ಟಿತು.

ಯಂತ್ರ ಅರಚಿಕೊಂಡಿತು. ಮಗುವಿನ ತುಟಿ ಕಂದಿತು. ಪರದೆಯ ಮೇಲಿನ ಆಮ್ಲಜನಕದ ಅಂಕಿ ಇಳಿಯತೊಡಗಿತು. ಕಂಡಕ್ಟರಮ್ಮ ನರ್ಸನ್ನು ಕೂಗಿದಳು.

“ತಗೊಳ್ಳಿ ಸಿಸ್ಟರ್, ಆ ಬಿಸಿ ಗಾಜಿನ ಪೆಟ್ಟಿಗೇಲೇ ಮಲಗಿಸಿಬಿಡಿ! ನಾನೇ ಕೊಂದ್ಬಿಡ್ತೀನಿ ಇದನ್ನ!”

“ಈಗ ಎತ್ತಿದ್ರೆ ಇನ್ನೂ ಸುಸ್ತಾಗುತ್ತೆ. ಅಲ್ಲಾಡಬೇಡಿ.” ನರ್ಸ್ ಮಗುವಿನ ಕತ್ತು ನೇರ ಮಾಡಿ, ನಳಿಕೆ ಸರಿಪಡಿಸಿದಳು. “ನೀವ್ಯಾಕೆ ಉಸಿರು ಬಿಗಿ ಹಿಡ್ಕೊಂಡಿದ್ದೀರಾ? ಬಿಡಿ. ನಿಮ್ಮ ಎದೆ ಏರಿಳಿಯೋದು ಅದಕ್ಕೆ ಗೊತ್ತಾಗ್ಲಿ.”

ಅವಳು ಉಸಿರು ಬಿಟ್ಟಳು. ಮಗು ಅವಳ ಜೊತೆಗೇ ಏರಿತು, ಇಳಿಯಿತು. ಅಂಕಿ ಒಲ್ಲದ ಮನಸ್ಸಿನಿಂದ ಮೇಲೆ ಬಂತು.

“ಮೆದುಳಿಗೆ ಏನಾದ್ರೂ ಆಯ್ತಾ?”

“ಇಷ್ಟಕ್ಕೇ ಹೆದರಬೇಡಿ. ಮುಂದೆ ಹೇಗೋ ಏನೋ, ಈಗ್ಲೇ ಯಾರ ಕೈಲೂ ಹೇಳೋಕಾಗಲ್ಲ. ನಾಳೆನೂ ಬನ್ನಿ, ನಾಡಿದ್ದೂ ಬನ್ನಿ. ಹೀಗೇ ಕೂತ್ಕೊಳ್ಳಿ.”

ನಾಳೆಯೂ ಇದೇ ಕುರ್ಚಿ. ಒಮ್ಮೆ ಬಿಕ್ಕಿಬಿಕ್ಕಿ ಅತ್ತಿದ್ದರೆ ಹಗುರಾಗುತ್ತಿತ್ತೇನೋ. ಆದರೆ ಎದೆ ಅಲುಗಿದರೆ ಮಗುವೂ ಅಲುಗುತ್ತದೆ. ಅವಳು ಅಳುವನ್ನು ನುಂಗಿಕೊಂಡಳು. ಕಣ್ಣೀರು ಮಾತ್ರ ತನ್ನ ಪಾಡಿಗೆ ತಾನು ಹರಿದು ಕಿವಿಯೊಳಗೆ ಇಳಿಯಿತು. ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ.