ಅಜ್ಜಿ ಇದ್ರ್

ಕನ್ನಡ ಹುಟ್ಟಿದ್ದೇ ನಮ್ಮ ಮಂಡ್ಯದ ಹಿತ್ತಲಲ್ಲಿ ಎಂದು ನಂಬಿದ್ದವಳು ನಾನು. ಆ ಜಂಭ ಇಳಿದದ್ದು ಕರಾವಳಿಯ ಬಿಜೂರಿನಲ್ಲಿ, ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರದಲ್ಲಿ.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಓದು ಬರಹ ಬಾರದ ಹಿರಿಯರ ಮನೆಗೇ ಹೋಗಿ ಅಕ್ಷರ ಕಲಿಸುವುದು. ಅಂಥವರು ಯಾರ್ಯಾರ ಮನೆಯಲ್ಲಿದ್ದಾರೆ ಎಂದು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸೋಮವಾರ ಐದನೇ ತರಗತಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಶ್ರಾವ್ಯ ಎಂಬ ಹುಡುಗಿಯ ಹತ್ತಿರ ಬಂದೆ.

"ನಿಮ್ಮನೇಲಿ ಓದು ಬರಹ ಬಾರದವರು ಯಾರಮ್ಮ?"

"ಅಜ್ಜಿ ಇದ್ರ್."

ಇದ್ರು. ಅಂದರೆ ಈಗಿಲ್ಲ. ಪಾಪ ಅನ್ನಿಸಿತು. ಹೆಚ್ಚು ಕೆದಕಬಾರದು ಎಂದು ಪಟ್ಟಿಯಲ್ಲಿ 'ತೀರಿಕೊಂಡಿದ್ದಾರೆ' ಎಂದು ಬರೆದು, ಅವಳ ತಲೆ ಸವರಿ, ಚೀಲದಲ್ಲಿದ್ದ ಶೇಂಗಾ ಚಿಕ್ಕಿ ಕೊಟ್ಟೆ. ಮರುದಿನವೂ ಕೊಟ್ಟೆ. ಉಳಿದ ಮಕ್ಕಳು ಮುಖ ಊದಿಸಿಕೊಂಡರು. ಶ್ರಾವ್ಯ ಮಾತ್ರ ಯಾಕೆ ಏನು ಎಂದು ಕೇಳದೆ ತಿಂದಳು.

ಬುಧವಾರ ಅವಳೇ ನನ್ನ ಬಳಿ ಬಂದಳು. "ಅಕ್ಕ, ನಮ್ಮನಿಗ್ ಯಾವಾಗ ಬತ್ರಿ? ಅಜ್ಜಿ ದಿನಾ ಜಗಲಿ ಮೇಲ್ ಸ್ಲೇಟ್ ಹಿಡ್ಕಂಡ್ ಕಾಯ್ತ್ರ್."

ಮಗು ಸತ್ತ ಅಜ್ಜಿಯನ್ನು ಕಾಣುತ್ತಿದೆಯಲ್ಲ! ಸೀದಾ ಹೆಡ್‌ಮಾಸ್ಟರ್ ಉಮಾನಾಥರ ಹತ್ತಿರ ಓಡಿ, ಅವಳ ಎರಡೂ ಮಾತನ್ನು ಒಪ್ಪಿಸಿ, ಹುಡುಗಿಯನ್ನು ಯಾರಾದರೂ ಡಾಕ್ಟರಿಗೆ ತೋರಿಸಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹ್ವಾಯ್ ವಿನಯಾ, ನಿಮ್ಮೂರಂಗೆ 'ಇದ್ರು' ಅಂದ್ರೆ ಹೋದವ್ರ್. ನಮ್ಮಲ್ಲ್ 'ಇದ್ರ್' ಅಂದ್ರೆ ಇಪ್ಪವ್ರ್. ಶ್ರಾವ್ಯನ ಅಜ್ಜಿ ಗಿರಿಜಕ್ಕ ಇವತ್ತ್ ಬೆಳಿಗ್ಗೆ ನಮ್ಮನಿಗ್ ಹಾಲ್ ತಂದ್ ಕೊಟ್ರ್."

ಬದುಕಿರುವವರನ್ನು ಸಾಯಿಸಿದ ನಾಚಿಕೆಯಲ್ಲಿ ಅಂದು ಸಂಜೆ ಅವರ ಮನೆ ಮೆಟ್ಟಿಲು ಹತ್ತಿದೆ. ಗಿರಿಜಾ ಶೆಡ್ತಿ ಜಗಲಿಯಲ್ಲೇ ಇದ್ದರು. ಸ್ಲೇಟು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು.

"ಬಂದ್ರ್ಯಾ, ಕೂಕಣಿ. ಮೂರ್ ದಿನ ಆಯ್ತ್. ಎಲ್ಲರ್ ಮನಿಗೂ ಹೋತ್ರಿ, ನಮ್ಮನಿಗ್ ಎಂತಕ್ ಬರ್ಲಿಲ್ಲ?"

ನಡೆದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಸೈ ಹಾಕ್ದೆ ನಾ ಸಾಯುದಿಲ್ಲ, ಹೆದ್ರ್‌ಬೇಡ ಮಗಾ."

ಸೈ ಎಂದರೆ ಶ್ರಾವ್ಯಳ ಪ್ರಗತಿ ಪತ್ರಕ್ಕೆ. ಅಪ್ಪ ಅಮ್ಮ ಪುಣೆಯಲ್ಲಿ ಹೋಟೆಲು ನಡೆಸುತ್ತಾರೆ. ಇಲ್ಲಿ ಪೋಷಕರ ಜಾಗದಲ್ಲಿ ಅಜ್ಜಿಯದೇ ಹೆಬ್ಬೆಟ್ಟು. "ಹೆಬ್ಬೆಟ್ಟ್ ಒತ್ತಿದ್ ಕಾರ್ಡ್ ಕೂಸ್ ಯಾರಿಗೂ ತೋರ್ಸುದಿಲ್ಲ. ಈ ಶನಿವಾರ ನಾ ಸೈ ಹಾಕ್ಕ್," ಎಂದರು. ಹಾಕ್ಕ್ ಎಂದರೆ ಹಾಕಬೇಕು; ಈ ಸಲ ಕೇಳಿ ಖಚಿತ ಮಾಡಿಕೊಂಡೆ.

ಉಳಿದದ್ದು ಎರಡೇ ದಿನ, ಅದೂ ನನ್ನ ಜಾಣತನದಿಂದ. ಸ್ಲೇಟಿನ ಮೇಲೆ ಅವರ ಕೈ ಮರಗಟ್ಟುತ್ತಿತ್ತು. 'ಗಿ' ಬಂದರೆ 'ರಿ' ಬಾರದು, 'ಜಾ' ಅಂತೂ ಹತ್ತಿರವೂ ಸುಳಿಯದು. ಗುರುವಾರ ನಾನು ತಾಳ್ಮೆಗೆಟ್ಟು ಕುಳಿತಿದ್ದಾಗ ಅಂಗಳದಲ್ಲಿ ಅವರೇ ಹಾಕಿದ್ದ ರಂಗೋಲಿ ಕಣ್ಣಿಗೆ ಬಿತ್ತು. ಒಂದೂ ಗೆರೆ ನಡುಗಿರಲಿಲ್ಲ. "ಅಜ್ಜಿ, ಸ್ಲೇಟು ಬೇಡ, ರಂಗೋಲಿ ಪುಡಿ ತನ್ನಿ," ಎಂದೆ.

ಶುಕ್ರವಾರ ಸಂಜೆಯ ಹೊತ್ತಿಗೆ ಅಂಗಳದ ತುಂಬ ಗಿರಿಜಾ. ತುಳಸಿಕಟ್ಟೆಯ ಸುತ್ತ ಗಿರಿಜಾ, ಬಾವಿಯ ಬಳಿ ಗಿರಿಜಾ. ಕರು ಬಂದು ಒಂದು 'ಜಾ' ತುಳಿದದ್ದಕ್ಕೆ ಚೆನ್ನಾಗಿ ಬೈಸಿಕೊಂಡಿತು. ಆಮೇಲೆ ಪೆನ್ನು ಕೊಟ್ಟೆ. ಕೈಗೆ ದಾರಿ ಗೊತ್ತಾಗಿತ್ತು.

ಶನಿವಾರ ಶಿಬಿರದ ಸಮಾರೋಪ. ಅಂದೇ ಮಕ್ಕಳ ಕಾರ್ಡಿಗೆ ಸೈ ಹಾಕುವ ದಿನವೂ ಆದ್ದರಿಂದ ಪೋಷಕರೆಲ್ಲ ಸೇರಿದ್ದರು. ಉಮಾನಾಥ ಮಾಸ್ತರರು ಕಾರ್ಡು ಚಾಚಿ, ಅಭ್ಯಾಸಬಲದಿಂದ ಶಾಯಿಯ ಪ್ಯಾಡನ್ನೂ ಮುಂದೆ ತಳ್ಳಿದರು. ಅಜ್ಜಿ ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಹಿಡಿದರು. ಶ್ರಾವ್ಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಿ. ರಿ. ಸ್ವಲ್ಪ ಉಸಿರು. ಜಾ.

ಚಪ್ಪಾಳೆ ಬಿತ್ತು. ಅಜ್ಜಿ ಪೆನ್ನು ಕೊಡಲಿಲ್ಲ. ಅದೇ ಕಾರ್ಡಿನ ಮೇಲಿನ ಸಾಲುಗಳಲ್ಲಿ, ಹಿಂದಿನ ಎರಡು ಪರೀಕ್ಷೆಗಳ ಎದುರು ನೀಲಿ ಹೆಬ್ಬೆಟ್ಟುಗಳಿದ್ದವು. ಅವುಗಳ ಪಕ್ಕದಲ್ಲೂ ಬರೆಯತೊಡಗಿದರು.

"ಅದ್ ಮುಗ್ದದ್ದಲ್ದಾ ಗಿರಿಜಕ್ಕ, ಅಲ್ಲ್ ಬೇಡ," ಎಂದರು ಮಾಸ್ತರರು.

"ಅದೂ ನಾನೇ ಅಲ್ದಾ ಮಾಷ್ಟ್ರೆ," ಎಂದು ಅಜ್ಜಿ ತಲೆಯೆತ್ತದೆ ಬರೆದು ಮುಗಿಸಿದರು.

ನನಗೆ ಖುಷಿಗೆ ಅಳುವೇ ಬಂತು. ಶ್ರಾವ್ಯ ನನ್ನ ಕೈಬಿಟ್ಟು ಓಡಿಹೋಗಿ ಕಾರ್ಡು ತೆಗೆದುಕೊಂಡಳು. ಮಡಚಲಿಲ್ಲ. ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಒಂದನೇ ತರಗತಿಯ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರಿಗೂ ತೋರಿಸುತ್ತಾ ಹೋದಳು.