ಪಡುದಿಕ್ಕಿನ ಕಪಾಟು

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಕೊಲ್ಲಿನಾಡಿನ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಇನ್ನೂರ ಹನ್ನೆರಡು ಬಿಡಿಭಾಗಗಳು ಎಲ್ಲೆಲ್ಲಿವೆ ಎಂಬುದನ್ನು ನಾನು ಪೋಲಿಷ್ ಭಾಷೆಯಲ್ಲಿ ಬರೆದಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಉಡುಪಿ ಕಡೆಯವನಾದ ನಾನು ಅಲ್ಲಿ ಸ್ಟೋರ್‌ಕೀಪರ್. ಹೊಸ ಯಂತ್ರ ಜೋಡಿಸಲು ಪೋಲೆಂಡಿನಿಂದ ಬಂದಿದ್ದ ವೊಯ್ತೆಕ್ ಎಂಬ ಇಂಜಿನಿಯರನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಾಮಾನುಗಳ ಜಾಗವೆಲ್ಲ ನನ್ನ ತಲೆಯಲ್ಲಿತ್ತು; ನಾನಿಲ್ಲದೆ ಅವನಿಗೆ ಒಂದು ಬೋಲ್ಟೂ ಸಿಗುತ್ತಿರಲಿಲ್ಲ. ಆಗಲೇ ಊರಿನಲ್ಲಿ ತಂಗಿ ಕುಸುಮಳ ಮದುವೆ ನಿಶ್ಚಯವಾಯಿತು. ತಂದೆ ತೀರಿಕೊಂಡಿದ್ದರು. ಧಾರೆ ಎರೆಯಬೇಕಾದವನು ನಾನೇ.

ಮ್ಯಾನೇಜರ್ ಸಿರಿಲ್ ಮಂಗಳೂರಿನವರು. ಅವರಲ್ಲಿ ರಜೆ ಕೇಳಿದೆ.

“ನೀವು ಹೋದ್ರೆ ಇವನಿಗೆ ಸಾಮಾನು ಹುಡುಕಿ ಕೊಡುದು ಯಾರು ಮಾರಾಯ್ರೆ? ಲೀವ್ ಖಲಾಸ್.”

“ನಾನಿಲ್ಲದೆಯೂ ಅವನೇ ಹುಡುಕುವ ಹಾಗೆ ಮಾಡಿದರೆ?”

“ಹೋ! ನೀವೇನು ಪೋಲಿಷ್ ಪಂಡಿತರಾ? ಆಯ್ತು. ನಾನು ಐದು ಐಟಂ ಹೇಳ್ತೇನೆ. ನೀವು ಹೊರಗೆ ನಿಲ್ಲಬೇಕು. ಅವನು ಐದನ್ನೂ ತಂದ್ರೆ ಲೀವ್.”

ನಲವತ್ತು ದಿನ ಚಹಾದ ಬಿಡುವಿನಲ್ಲಿ ವೊಯ್ತೆಕ್ ಗುರುವಾದ. ಮೇಜು ಅವನ ಬಾಯಲ್ಲಿ ‘ಸ್ತೂವ್’. ಮೇಜಿನ ಮೇಲೆ ಎಂದರೆ ‘ನಾ ಸ್ತೊಲೆ’. ಕೆಳಗೆ ಎಂದರೆ ‘ಪೊದ್ ಸ್ತೊವೆಮ್’. ಜಾಗ ಬದಲಾದರೆ ಮೇಜಿನ ಹೆಸರೂ ತನ್ನ ಬಾಲ ಬದಲಿಸುತ್ತಿತ್ತು. ಎಲ್ಲ ಬಾಲಗಳನ್ನೂ ಕಂಠಪಾಠ ಮಾಡಿದೆ. ಪ್ರತಿ ಸಾಮಾನಿಗೂ ಅದರ ಜಾಗ ತಿಳಿಸುವ ಚೀಟಿ ಬರೆದೆ.

ಗುರುವಾರ ಮಧ್ಯಾಹ್ನ ಪರೀಕ್ಷೆ. ಭಾನುವಾರ ನನ್ನ ವಿಮಾನ. ಚೀಟಿಗಳ ಕಟ್ಟನ್ನೂ ಕಟ್ಟಡದ ನಕ್ಷೆಯನ್ನೂ ಹಿಡಿದು ವೊಯ್ತೆಕ್ ಉಗ್ರಾಣದೊಳಗೆ ಹೋದ. ಹೊರಗೆ ತಂದ ಐದರಲ್ಲಿ ನಾಲ್ಕು ತಪ್ಪು.

“ಪಂಡಿತರೇ, ಇದೆಂತದು?” ಸಿರಿಲ್ ನಕ್ಕರು.

ವೊಯ್ತೆಕ್ ನನ್ನ ಚೀಟಿಯ ಮೇಲೆ ಬೆರಳಿಟ್ಟ. ‘ಪಶ್ಚಿಮದ ಕಪಾಟಿನಲ್ಲಿ’ ಎಂದಿತ್ತು. ಆಮೇಲೆ ನಕ್ಷೆಯಲ್ಲಿದ್ದ ಉತ್ತರ ದಿಕ್ಕಿನ ಬಾಣ ತೋರಿಸಿದ. ನಾನು ಪಶ್ಚಿಮ ಎಂದದ್ದು ಉತ್ತರವಾಗಿತ್ತು.

ನಮ್ಮ ಕರಾವಳಿಯಲ್ಲಿ ಎಡ ಬಲ ಎನ್ನುವವರು ಕಡಿಮೆ. ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು ಎಂದೇ ರೂಢಿ. ಕಡಲಿರುವ ಕಡೆಯೇ ಪಡು. ಕಿಟಕಿಯಿಲ್ಲದ ಆ ಉಗ್ರಾಣದಲ್ಲಿ ನಾನು ಕಡಲನ್ನು ನೆನೆದೇ ದಿಕ್ಕು ಹಿಡಿದಿದ್ದೆ. ರುಸೈಲ್‌ಗೆ ಕಡಲು ಉತ್ತರಕ್ಕಿದೆ. ಪಕ್ಕದ ಗೋಡೆಯ ಮೇಲೆ ನಮಾಜಿನ ದಿಕ್ಕಿಗೆ ಬಾಣವೊಂದನ್ನು ಬರೆದಿದ್ದರು. ಮೆಕ್ಕಾ ಪಶ್ಚಿಮಕ್ಕಿದೆಯೆಂದು ತಿಳಿದೂ ನಿತ್ಯ ಅದನ್ನು ದಾಟಿ ಹೋಗುತ್ತಿದ್ದ ನನಗೆ ನನ್ನ ಪಡು ತಪ್ಪೆಂದು ಹೊಳೆದಿರಲಿಲ್ಲ.

“ಶನಿವಾರ ಇನ್ನೊಮ್ಮೆ,” ಎಂದೆ.

“ನಾಳೆ ಶುಕ್ರವಾರ, ರಜೆ ಅಲ್ವಾ? ಬರೆಯುದು ಯಾವಾಗ?”

“ರಜೆ ನಿಮಗೆ.”

ಶುಕ್ರವಾರ ಬೆಳಗ್ಗಿನಿಂದ ಇನ್ನೂರ ಹನ್ನೆರಡನ್ನೂ ಹೊಸದಾಗಿ ಬರೆದೆ. ಈ ಬಾರಿ ದಿಕ್ಕುಗಳಿಲ್ಲ. ಬಾಗಿಲ ಹಿಂದೆ, ಫ್ಯಾನಿನ ಕೆಳಗೆ, ಕೆಂಪು ಕಂಬದ ಪಕ್ಕದಲ್ಲಿ: ಒಳಗೆ ನಿಂತವನ ಕಣ್ಣಿಗೆ ಬೀಳುವುದನ್ನೇ ಗುರುತಾಗಿ ಹಿಡಿದೆ.

ಶನಿವಾರ ವೊಯ್ತೆಕ್ ಐದನ್ನೂ ಸರಿಯಾಗಿ ತಂದು ನನ್ನ ಕೈಗಿತ್ತ. ಸಿರಿಲ್ ರಜೆಯ ಅರ್ಜಿಗೆ ಸಹಿ ಹಾಕಿದರು. ಕುಸುಮಳಿಗೆ ಧಾರೆ ಎರೆದವನು ನಾನೇ.

ಹನ್ನೆರಡು ವರ್ಷಗಳ ಬಳಿಕ, ರುಸೈಲ್ ಕಡೆಯದೇ ಊರಾದ ಬರ್ಕಾದ ನನ್ನ ಮನೆಗೆ ರಜೆಗೆ ಬಂದು ಇದನ್ನೆಲ್ಲ ಕೇಳುತ್ತ ಕುಳಿತಿದ್ದವಳು ಕುಸುಮಳ ಮಗಳು ಸ್ವರ್ಣಲತಾ.

“ಅಮ್ಮನ ಮದುವೆಗೆ ನೀವು ಪೋಲಿಷ್ ಕಲಿತದ್ದಾ ಮಾಮ?”

“ಮತ್ತೆ?”

ಅವಳು ಕಾಲು ಮಡಚಿ ಹತ್ತಿರ ಸರಿದಳು.

“ಒನ್ಸ್ ಮೋರ್ ಮಾಮ. ಮೊದಲಿಂದ ಹೇಳಿ.”